ಮಂದ್ರಕ್ಕೊಂದು ಪೆಟ್ಟಿಗೆ: ಆಲ್ದೂರಿನ ಹುಡುಗ ಕೇಳಿದ ಪ್ರಶ್ನೆ, ಬೇಸ್ ಆಂಪ್ಲಿಫೈಯರ್‌ನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಿಗೆ ಅನುಕೂಲವಾಗಲೆಂದು ಮಾತನ್ನು ಅಲ್ಲಲ್ಲಿ ಚೂರು ತಿದ್ದಲಾಗಿದೆ.)



ಹೋದ ವಾರ ನಮಗೊಂದು ವಾಯ್ಸ್ ಮೆಸೇಜ್ ಬಂತು. ಆಲ್ದೂರಿನಿಂದ. ಹಿಂದುಗಡೆ ಹೆಂಚಿನ ಮೇಲೆ ಮಳೆ ಬೀಳೋ ಸದ್ದು ಎಷ್ಟು ಜೋರಾಗಿತ್ತು ಅಂದ್ರೆ, ಹುಡುಗನ ಮಾತು ಹಿಡಿಯೋಕೆ ಎರಡು ಸಲ ಕೇಳಬೇಕಾಯ್ತು. ಅವನು ಹೇಳಿದ್ದು ಇಷ್ಟು:

"ಅಣ್ಣ, ನಾನು ಬೇಸ್ ಗಿಟಾರ್ ಬಾರಿಸ್ತೀನಿ. ಭಾನುವಾರ ಚರ್ಚಲ್ಲಿ ಕ್ವಾಯರ್ ಜೊತೆ, ಗಣಪತಿ ಟೈಮಲ್ಲಿ ಆರ್ಕೆಸ್ಟ್ರಾ ಜೊತೆ. 40 ಸಾವಿರ ಕೂಡಿಟ್ಟಿದ್ದೀನಿ. ಯಾವ ಆಂಪ್ಲಿಫೈಯರ್ ತಗೊಳ್ಳಲಿ? ಒಂದೊಂದು ಅಂಗಡೀಲಿ ಒಂದೊಂದು ಹೇಳ್ತಾರೆ. ಟೀಮಲ್ಲಿ ಬೇರೆ, 'ಬೇಸ್ ಎಂತಕ್ಕೆ ಮಾರಾಯ, ಕೀಬೋರ್ಡಲ್ಲೇ ಬರುತ್ತಲ್ಲ' ಅಂತಿದ್ದಾರೆ. ಸ್ವಲ್ಪ ಹೇಳಿ."

ಯಾವ ಕಂಪನಿ, ಎಷ್ಟು ವಾಟ್ ಅಂತ ಎರಡು ಸಾಲಲ್ಲಿ ಉತ್ತರ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಅವನ ಕೊನೇ ಮಾತಿದೆಯಲ್ಲ, 'ಬೇಸ್ ಎಂತಕ್ಕೆ ಮಾರಾಯ' ಅನ್ನೋದು, ಅದನ್ನು ಸುಮಾರು ಮೂವತ್ತು ವರ್ಷದ ಹಿಂದೆ ಅದೇ ಆಲ್ದೂರಿನ ಕಡೆ ನಾನೂ ಕೇಳಿದ್ದೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಈ ಸಂಚಿಕೆ ಆ ಹುಡುಗನಿಗೆ. ನಿಮಗೂ ಹೌದು, ಯಾಕಂದ್ರೆ ಇದು ಒಂದು ವಾದ್ಯದ ಕಥೆ ಮಾತ್ರ ಅಲ್ಲ. ಹಾಡಿನಲ್ಲಿ ಯಾರ ದನಿ ಕೇಳಿಸುತ್ತೆ, ಯಾರದ್ದು ಕೇಳಿಸಲ್ಲ ಅನ್ನೋದರ ಕಥೆ.

ಹಾರ್ನ್ ಒಳಗೆ ಕಳೆದುಹೋದ ನಾಲ್ಕು ತಂತಿ

ಆಲ್ದೂರು ಗೊತ್ತಿಲ್ಲದವರಿಗೆ ಒಂದು ಮಾತು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆ ಹೋಗುವ ದಾರಿಯಲ್ಲಿ, ಸುಮಾರು 20 ಕಿಲೋಮೀಟರ್ ದೂರದ ಹೋಬಳಿ ಕೇಂದ್ರ ಅದು. ಸುತ್ತ ಕಾಫಿ ತೋಟ, ನಡುವೆ ಒಂದು ಪೇಟೆ. ನಮ್ಮ ಕಡೆ ಸಂಗೀತ ಕಾರ್ಯಕ್ರಮ ಅಂದ್ರೆ ಆಗ ಎರಡೇ. ಒಂದು ಯಕ್ಷಗಾನ, ಇನ್ನೊಂದು ಗಣಪತಿ ಹಬ್ಬದ ರಸಮಂಜರಿ. ರಸಮಂಜರಿ ಅಂದ್ರೆ ಸಿನಿಮಾ ಹಾಡಿನ ಆರ್ಕೆಸ್ಟ್ರಾ. ಡಾ. ರಾಜ್‌ಕುಮಾರ್ ಅವರೇ ಊರೂರಿನ ವೇದಿಕೆ ಹತ್ತಿ ರಸಮಂಜರಿ ಕೊಟ್ಟವರು. ಆ ಗಾಳಿ ನಮ್ಮ ಸಣ್ಣ ಪೇಟೆಗಳಿಗೂ ಬೀಸಿತ್ತು.

ನಾನು ಅಂಥ ಒಂದು ತಂಡದಲ್ಲಿ ಬೇಸ್ ಬಾರಿಸ್ತಿದ್ದೆ. ಗಿಟಾರ್ ಸೆಕೆಂಡ್ ಹ್ಯಾಂಡ್. ಆಂಪ್ಲಿಫೈಯರ್ ಅಂತ ಪ್ರತ್ಯೇಕ ಇಲ್ಲ. ಮೈಕ್‌ಸೆಟ್‌ನವರ ಆಂಪ್ಲಿಫೈಯರ್‌ಗೇ ಒಂದು ವಯರ್ ಸಿಕ್ಕಿಸಿಬಿಡೋದು, ಅದು ಕಂಬದ ಮೇಲಿನ ಹಾರ್ನ್‌ಗೆ ಹೋಗೋದು. ಹಾಡುವವರ ದನಿ ಎರಡು ಗುಡ್ಡದಾಚೆ ಲೈನ್ ಮನೆಗಳಿಗೂ ಕೇಳಿಸ್ತಿತ್ತು. ನಾನು ಬಾರಿಸಿದ್ದು ಮುಂದಿನ ಸಾಲಿನವರಿಗೂ ಕೇಳಿಸ್ತಿರಲಿಲ್ಲ. ಟಕ್, ಟಕ್ ಅನ್ನೋ ಒಂದು ಸದ್ದು ಬಿಟ್ರೆ ಬೇರೇನಿಲ್ಲ. ಎರಡು ಹಬ್ಬ ಹೀಗೇ ಹೋಯ್ತು. ಮೂರನೇ ವರ್ಷ ತಂಡಕ್ಕೆ ಹೊಸ ಕೀಬೋರ್ಡ್ ಬಂತು. ತಂಡದ ಯಜಮಾನರು ಬಹಳ ಒಳ್ಳೆಯವರು, ಪಾಪ, ಹತ್ತಿರ ಕರೆದು ಮೆತ್ತಗೇ ಹೇಳಿದ್ರು: "ಬೇಸ್ ಕೀಬೋರ್ಡಿನ ಎಡಗೈಯಲ್ಲೇ ಬರುತ್ತೆ. ಜೀಪಲ್ಲಿ ಜಾಗಾನೂ ಕಮ್ಮಿ. ನೀನು ಬೇಜಾರು ಮಾಡ್ಕೋಬೇಡ." ಆ ಗಿಟಾರ್ ಮಾರಿ ನಾನು ಕಾಲೇಜಿನ ಫೀಸು ಕಟ್ಟಿದೆ.

ತಪ್ಪು ನನ್ನ ಬೆರಳಿನದು ಅಂತಲೇ ಬಹಳ ವರ್ಷ ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಗೊತ್ತಾಯ್ತು. ನೋಡಿ, ಬೇಸ್ ಗಿಟಾರಿಗೆ ನಾಲ್ಕು ತಂತಿ. ಒತ್ತದೆ ಹಾಗೇ ಮೀಟಿದರೆ ಅವುಗಳ ಕಂಪನ ಸೆಕೆಂಡಿಗೆ ಸುಮಾರು 41, 55, 73, 98. ಇದನ್ನೇ ಹರ್ಟ್ಸ್ ಅನ್ನೋದು. ನಾಲ್ಕೂ 100ಕ್ಕಿಂತ ಕೆಳಗೆ. ಮೈಕ್‌ಸೆಟ್ಟಿನ ಹಾರ್ನ್ ಮಾಡಿರೋದು ಮಾತಿಗೋಸ್ಕರ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಅದು ಹೊರಗೆ ಬಿಡೋದೇ ಇಲ್ಲ. ಅದು ಹಾರ್ನಿನ ದೋಷ ಅಲ್ಲ. ಭಾಷಣ, ಸುಪ್ರಭಾತ, ಭಾಗವತರ ಪದ, ಇವನ್ನೆಲ್ಲ ಮೈಲುಗಟ್ಟಲೆ ಸ್ಪಷ್ಟವಾಗಿ ಮುಟ್ಟಿಸೋದು ಅದರ ಕೆಲಸ, ಅದನ್ನು ಚೆನ್ನಾಗೇ ಮಾಡ್ತಿತ್ತು. ನಾನು ಜರಡಿಯಲ್ಲಿ ನೀರು ತರೋಕೆ ಹೊರಟಿದ್ದೆ, ಅಷ್ಟೆ.

ಇಲ್ಲದ ಸ್ವರ ಕೇಳಿಸೋ ಕಿವಿ

ಇಲ್ಲೊಂದು ತಮಾಷೆ ಇದೆ. ಹಾಗಿದ್ರೆ ನಮ್ಮ ಕಾಫಿ ಸೀಮೆಯ ಹುಡುಗರಿಗೆ ಬೇಸ್ ಅನ್ನೋದು ಇದೆ ಅಂತ ಗೊತ್ತಾಗಿದ್ದಾದ್ರೂ ಎಲ್ಲಿಂದ?

ರೇಡಿಯೊದಿಂದ. ಭದ್ರಾವತಿ ಆಕಾಶವಾಣಿ ಶುರುವಾಗಿದ್ದು 1965ರಲ್ಲಿ. ಮಲೆನಾಡಿನ ಮನೆಮನೆಗೂ ಅದೇ ಸ್ಟೇಷನ್. 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಬಂತು, 1983ರಲ್ಲಿ ಮಣಿರತ್ನಂ ಅವರ ಮೊದಲ ಸಿನಿಮಾ 'ಪಲ್ಲವಿ ಅನುಪಲ್ಲವಿ'. ಎರಡಕ್ಕೂ ಇಳಯರಾಜ ಅವರ ಸಂಗೀತ. ಆ ಹಾಡುಗಳಲ್ಲಿ ಬೇಸ್ ಗಿಟಾರ್ ಬರೀ ತಾಳಕ್ಕೆ ಜೊತೆ ಕೊಡುತ್ತಾ ಕೂತಿರಲ್ಲ. ಹಾಡಿನ ಕೆಳಗೆ ಅದು ತನ್ನದೇ ಇನ್ನೊಂದು ಹಾಡು ಹೇಳ್ತಿರುತ್ತೆ. 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ'ದ ಕ್ಯಾಸೆಟ್ ಬಂದಾಗಲಂತೂ ಓಡಾಡೋ ಜೀಪುಗಳಲ್ಲೆಲ್ಲ ಅದೇ.

ಆದರೆ ನಮ್ಮ ಟ್ರಾನ್ಸಿಸ್ಟರಿನ ಸ್ಪೀಕರ್ ಅಂಗೈಯಷ್ಟು. ಅದರಲ್ಲಿ 41 ಹರ್ಟ್ಸ್ ಬರೋದು ಸಾಧ್ಯವೇ ಇಲ್ಲ. ಆದ್ರೂ ನಮಗೆ ಬೇಸ್ ಕೇಳಿಸ್ತಿತ್ತು. ಹೇಗೆ? ಒಂದು ತಂತಿ ಮೀಟಿದರೆ ಅದರ ಮೂಲ ಕಂಪನ ಒಂದೇ ಹೊರಡಲ್ಲ. 41ರ ಜೊತೆಗೆ 82, 123, 164 ಹೀಗೆ ಅದರ ಮಡಿಗಳೂ ಹೊರಡ್ತವೆ. ಸ್ಪೀಕರ್ ಮೂಲವನ್ನು ನುಂಗಿ ಮೇಲಿನವನ್ನಷ್ಟೇ ಬಿಟ್ಟರೂ, ಮಿದುಳು ಆ ಅಂತರ ನೋಡಿ 'ಓ, ಕೆಳಗೆ 41 ಇರಬೇಕು' ಅಂತ ತಾನೇ ತುಂಬಿಕೊಳ್ಳುತ್ತೆ. ಇಲ್ಲದ ಸ್ವರವನ್ನು ಕಿವಿ ಕಟ್ಟಿಕೊಡುತ್ತೆ.

ಇದನ್ನು ಯಾಕೆ ಹೇಳಿದೆ ಅಂದ್ರೆ, ಆಂಪ್ಲಿಫೈಯರ್ ಆರಿಸುವಾಗ ಇದೇ ದೊಡ್ಡ ಗುಟ್ಟು. ಬೇಸ್ ಅಂದ್ರೆ ಎದೆ ನಡುಗಿಸೋ ಗುಡುಗು ಮಾತ್ರ ಅಲ್ಲ. ಯಾವ ಸ್ವರ ಬಾರಿಸಿದೆ ಅನ್ನೋದು ತಿಳಿಯುವುದು ಅದರ ಮೇಲಿನ, ಮಧ್ಯದ ಭಾಗದಿಂದ. ಅಂಗಡಿಯಲ್ಲಿ ಬೇಸ್ ನಾಬ್ ಪೂರ್ತಿ ತಿರುಗಿಸಿ 'ಆಹಾ' ಅಂದು ಕೊಂಡವರು, ವೇದಿಕೆಯ ಮೇಲೆ ಡ್ರಮ್ ಶುರುವಾದ ಕೂಡಲೇ ತಮ್ಮ ಸ್ವರ ಎಲ್ಲಿ ಹೋಯ್ತು ಅಂತ ಹುಡುಕೋದು ಇದಕ್ಕೇ.

ಅಮೆರಿಕದಲ್ಲೂ ಇದೇ ಗೋಳು

ನಮ್ಮ ಕಡೆ ಮಾತ್ರ ಹೀಗೆ ಅಂದುಕೋಬೇಡಿ. ಈ ವಾದ್ಯ ಹುಟ್ಟಿದ್ದೇ ಕೇಳಿಸದವರ ಗೋಳಿನಿಂದ.

ಹಿಂದೆ ಜಾಜ್ ತಂಡಗಳಲ್ಲಿ ಬೇಸ್ ಅಂದ್ರೆ ಆಳೆತ್ತರದ ಡಬಲ್ ಬೇಸ್, ನಿಂತುಕೊಂಡು ಬಾರಿಸೋದು. ಕಹಳೆ, ಡ್ರಮ್ ನಡುವೆ ಅದರ ಸದ್ದು ಯಾರಿಗೂ ಮುಟ್ಟುತ್ತಿರಲಿಲ್ಲ. 1930ರ ದಶಕದಲ್ಲೇ ಸಿಯಾಟಲ್‌ನ ಪಾಲ್ ಟಟ್ಮಾರ್ಕ್ ಅನ್ನೋರು ಅಡ್ಡ ಹಿಡಿದು ಬಾರಿಸುವ ಎಲೆಕ್ಟ್ರಿಕ್ ಬೇಸ್ ಮಾಡಿದ್ರು. ಆದರೆ ಅದು ಹೆಚ್ಚು ನಡೆಯಲಿಲ್ಲ. 1940ರ ದಶಕದಲ್ಲಿ ಎವರೆಟ್ ಹಲ್ ಅನ್ನುವ ಬೇಸ್ ವಾದಕ ಇನ್ನೊಂದು ದಾರಿ ಹುಡುಕಿದ. ಡಬಲ್ ಬೇಸಿಗೆ ಕೆಳಗಡೆ ನೆಲಕ್ಕೆ ಊರುವ ಒಂದು ಗೂಟ ಇರುತ್ತೆ, ಇಂಗ್ಲಿಷಿನಲ್ಲಿ ಪೆಗ್. ಅದರ ಮೇಲೆ ಮೈಕ್ ಕೂರಿಸಿ ವಾದ್ಯದ ಹೊಟ್ಟೆಯೊಳಗೆ ತೂರಿಸಿದ. ಆಂಪ್ಲಿಫೈಡ್ ಪೆಗ್. ಅದೇ ಚಿಕ್ಕದಾಗಿ ಆಂಪೆಗ್. ಇವತ್ತಿಗೂ ಬೇಸ್ ಆಂಪ್ಲಿಫೈಯರ್ ಅಂದ್ರೆ ಮೊದಲು ಬಾಯಿಗೆ ಬರೋ ಹೆಸರುಗಳಲ್ಲಿ ಅದೊಂದು.

1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ 'ಪ್ರಿಸಿಷನ್ ಬೇಸ್' ತಂದರು. ಗಿಟಾರಿನ ಹಾಗೆ ಕುತ್ತಿಗೆಗೆ ಹಾಕಿಕೊಂಡು ಬಾರಿಸಬಹುದು. ಆದರೆ ಅದಕ್ಕೆ ಹೊಟ್ಟೆ ಇಲ್ಲ, ಗಟ್ಟಿ ಮರದ ಹಲಗೆ. ಆಂಪ್ಲಿಫೈಯರ್ ಇಲ್ಲದಿದ್ರೆ ಅದು ಬರೀ ಮರ. ಹಾಗಾಗಿ ಮರುವರ್ಷವೇ, 1952ರಲ್ಲಿ, 15 ಇಂಚಿನ ಒಂದು ಸ್ಪೀಕರ್ ಇರುವ 'ಬೇಸ್‌ಮನ್' ಆಂಪ್ಲಿಫೈಯರ್ ಬಂತು. ವಾದ್ಯ ಒಂದು, ಅದರ ದನಿ ಇನ್ನೊಂದು ಪೆಟ್ಟಿಗೆಯಲ್ಲಿ. ಎರಡೂ ಸೇರಿದ್ರೇನೇ ಬೇಸ್ ಗಿಟಾರ್. ನಮ್ಮ ಆಲ್ದೂರಿನ ಆರ್ಕೆಸ್ಟ್ರಾದಲ್ಲಿ ಅರ್ಧ ವಾದ್ಯ ಮಾತ್ರ ಇತ್ತು ಅಂತ ನಾನು ಹೇಳೋದು ಇದಕ್ಕೇ.

ಬೇಸ್‌ಮನ್ ಮುಂದೆ 10 ಇಂಚಿನ ನಾಲ್ಕು ಸ್ಪೀಕರಿನ ಪೆಟ್ಟಿಗೆಯಾಯಿತು. ಆಗ ಅದನ್ನು ಎತ್ತಿಕೊಂಡು ಹೋದವರು ಬೇಸಿನವರಲ್ಲ, ಲೀಡ್ ಗಿಟಾರಿನವರು. ಅವರಿಗೆ ಅದರ ಒಡೆದ ದನಿ ಇಷ್ಟವಾಯಿತು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ಅದೇ ಸರ್ಕ್ಯೂಟ್ ಇಟ್ಟುಕೊಂಡು ತಮ್ಮ ಮೊದಲ ಆಂಪ್ಲಿಫೈಯರ್ ಕಟ್ಟಿದರು. ಬೇಸಿಗೆ ಅಂತ ಮಾಡಿದ ಪೆಟ್ಟಿಗೆ ರಾಕ್ ಗಿಟಾರಿನ ಗಂಟಲಾಯಿತು. ಬೇಸಿನವನು ಮತ್ತೆ ಮೂಲೆಗೆ.

ಗೋಡೆ ಕಟ್ಟಿದ ಕಾಲ

ಸರಿ, ಜೋರು ಬೇಕು ಅಂದ್ರೆ ವಾಟ್ ಜಾಸ್ತಿ ಮಾಡಿದ್ರಾಯ್ತಲ್ಲ ಅನ್ನಬಹುದು. ಅಲ್ಲೊಂದು ತೊಡಕಿದೆ. ವಾಟ್ ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟಾಗಲ್ಲ, ಬರೀ 3 ಡೆಸಿಬಲ್ ಏರುತ್ತೆ. ಕಿವಿಗೆ 'ಹೌದು, ಎರಡು ಪಟ್ಟು ಜೋರಾಯ್ತು' ಅನಿಸಬೇಕಾದ್ರೆ ಹತ್ತಿರ ಹತ್ತಿರ ಹತ್ತು ಪಟ್ಟು ವಾಟ್ ಬೇಕು. ತಗ್ಗು ಸ್ವರಕ್ಕಂತೂ ನಮ್ಮ ಕಿವಿಯೇ ಮಂದ. ಅದಕ್ಕೇ 30 ವಾಟಿನ ಗಿಟಾರ್ ಆಂಪ್ಲಿಫೈಯರ್ ಪಕ್ಕ ನಿಲ್ಲೋಕೆ ಬೇಸಿಗೆ 200, 300 ವಾಟ್ ಬೇಕಾಗೋದು.

1969ರಲ್ಲಿ ಆಂಪೆಗ್ ಆ ಲೆಕ್ಕಕ್ಕೆ ಉತ್ತರವಾಗಿ ಎಸ್‌ವಿಟಿ ಅನ್ನೋ ರಾಕ್ಷಸನನ್ನು ಹೊರತಂದಿತು. 300 ವಾಟ್, ಪೂರಾ ವಾಲ್ವ್. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷದ ಅಮೆರಿಕ ಪ್ರವಾಸಕ್ಕೆ ಅದರ ಮೊದಲ ಮಾದರಿಗಳನ್ನು ಹೊತ್ತೊಯ್ದಿತು. ಮೇಲಿನ ಹೆಡ್ ಒಂದೇ ಸುಮಾರು 40 ಕಿಲೋ. ಕೆಳಗೆ 10 ಇಂಚಿನ ಎಂಟು ಸ್ಪೀಕರಿನ ಕ್ಯಾಬಿನೆಟ್, ಅದು ಇನ್ನೂ ಭಾರ. ಆ ಕಾಲದಲ್ಲಿ ಸಭೆಗೆ ಸದ್ದು ಮುಟ್ಟಿಸುವ ದೊಡ್ಡ ಸೌಂಡ್ ಸಿಸ್ಟಂಗಳು ಇನ್ನೂ ಎಳಸು. ಹಾಗಾಗಿ ಮೈದಾನದ ಕೊನೆಯವನಿಗೂ ಬೇಸ್ ಕೇಳಿಸಬೇಕಾದ್ರೆ ವೇದಿಕೆಯ ಮೇಲೇ ಗೋಡೆ ಕಟ್ಟಬೇಕಿತ್ತು. ಆ ಗೋಡೆಯ ಫೋಟೊ ನೋಡಿಯೇ ಇವತ್ತಿಗೂ ನಮ್ಮ ಹುಡುಗರು 'ದೊಡ್ಡ ಪೆಟ್ಟಿಗೆ ಇದ್ರೇ ಬೇಸ್' ಅಂದುಕೊಂಡಿರೋದು. ಆಲ್ದೂರಿನ ಹುಡುಗ ಅದನ್ನು ಯಾವ ಜೀಪಲ್ಲಿ ಹಾಕ್ತಾನೆ, ಯಾವ ಮೆಟ್ಟಿಲು ಹತ್ತಿಸ್ತಾನೆ?

ಪೆಟ್ಟಿಗೆಯೇ ಇಲ್ಲದ ಬೇಸ್

ಇದೇ ಹೊತ್ತಿಗೆ ಡೆಟ್ರಾಯಿಟ್‌ನಲ್ಲಿ ಇನ್ನೊಂದು ಕಥೆ ನಡೀತಿತ್ತು. ಮೋಟೌನ್ ಅನ್ನೋ ರೆಕಾರ್ಡ್ ಕಂಪನಿ. ಅದರ ಸ್ಟುಡಿಯೊ ಇದ್ದದ್ದು ಒಂದು ಮನೆಯಲ್ಲಿ. ಅಲ್ಲಿ ಬೇಸ್ ಬಾರಿಸ್ತಿದ್ದವರು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳು ಒಂದರಲ್ಲೇ ಮೀಟೋದು. 1960ರ ದಶಕದಲ್ಲಿ ಅಮೆರಿಕದ ರೇಡಿಯೊಗಳಲ್ಲಿ ಅತಿ ಹೆಚ್ಚು ಕೇಳಿಸಿದ ಬೇಸ್‌ಗಳಲ್ಲಿ ಅವರದ್ದೊಂದು. ಕ್ಲಬ್‌ಗಳಲ್ಲಿ ಅವರು ಆಂಪೆಗ್‌ನ ಬಿ-15 ಬಳಸುತ್ತಿದ್ದರು. 1960ರಲ್ಲಿ ಬಂದ ಪೆಟ್ಟಿಗೆ ಅದು. 25 ವಾಟ್, 15 ಇಂಚಿನ ಒಂದೇ ಸ್ಪೀಕರ್, ಆಂಪ್ಲಿಫೈಯರನ್ನು ಮಗುಚಿ ಪೆಟ್ಟಿಗೆಯೊಳಗೇ ಇಟ್ಟು ಹೊತ್ತುಕೊಂಡು ಹೋಗಬಹುದು.

ಆದರೆ ಸ್ಟುಡಿಯೊದಲ್ಲಿ? ಅಲ್ಲಿ ಅವರ ಬೇಸ್‌ನ ವಯರ್ ನೇರವಾಗಿ ಮಿಕ್ಸರಿಗೆ ಹೋಗ್ತಿತ್ತು. ಆಂಪ್ಲಿಫೈಯರಿನ ಮುಂದೆ ಮೈಕ್ ಇಡುವ ರೂಢಿಯೇ ಇರಲಿಲ್ಲ. ಅಂದ್ರೆ ಲೋಕದ ಬೇಸ್ ವಾದಕರೆಲ್ಲ ಯಾವ ದನಿಗೆ ಕೈ ಮುಗಿದರೋ ಆ ದನಿಯಲ್ಲಿ ಆಂಪ್ಲಿಫೈಯರೇ ಇಲ್ಲ. ಅತ್ತ ಲಂಡನ್ನಿನಲ್ಲಿ ಬೀಟಲ್ಸ್ ತಂಡಕ್ಕೆ ಆ ಅಮೆರಿಕದ ರೆಕಾರ್ಡುಗಳಷ್ಟು ಬೇಸ್ ತಮ್ಮದರಲ್ಲಿ ಬರ್ತಿಲ್ಲ ಅನ್ನೋ ಹೊಟ್ಟೆಕಿಚ್ಚು. 1966ರಲ್ಲಿ 'ಪೇಪರ್‌ಬ್ಯಾಕ್ ರೈಟರ್' ಧ್ವನಿಮುದ್ರಣಕ್ಕೆ ಅವರ ಇಂಜಿನಿಯರ್ ಒಂದು ದೊಡ್ಡ ಸ್ಪೀಕರನ್ನೇ ಮೈಕ್ ಮಾಡಿ ಬೇಸ್ ಹಿಡಿದರು.

ಹೀಗೆ ನೇರ ಕೊಡುವುದಕ್ಕೆ ಬೇಕಾದ ಸಣ್ಣ ಡಬ್ಬಿಗೆ ಡಿಐ ಬಾಕ್ಸ್ ಅಂತಾರೆ. ಬೇಸ್ ಗಿಟಾರಿನ ಸಿಗ್ನಲ್ ಬಡಪಾಯಿ. ಉದ್ದ ವಯರಲ್ಲಿ ಕಳಿಸಿದರೆ ದಾರಿಯಲ್ಲೇ ಸೊರಗುತ್ತೆ, ಜೊತೆಗೆ 'ಗುಂಯ್' ಅನ್ನೋ ಸದ್ದು ಹೊತ್ತು ತರುತ್ತೆ. ಡಿಐ ಬಾಕ್ಸ್ ಅದನ್ನು ಮೈಕಿನ ಸಿಗ್ನಲ್ ಥರ ಮಾಡಿ ಮಿಕ್ಸರಿಗೆ ದಾಟಿಸುತ್ತೆ. ಪ್ಯಾಸಿವ್ ಅನ್ನೋ ಬಗೆಯದ್ದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ಅಷ್ಟೆ. ಜೇಬಲ್ಲಿ ಹಿಡಿಸುತ್ತೆ.

ಜಾಲಹಳ್ಳಿಯ ವಾಲ್ವು, ಎಸ್.ಪಿ. ರೋಡಿನ ಬೆಸುಗೆ

ನಮ್ಮ ದೇಶಕ್ಕೆ ಬರೋಣ. 1991ರ ಉದಾರೀಕರಣಕ್ಕೆ ಮುಂಚೆ ಹೊರಗಿನ ಆಂಪ್ಲಿಫೈಯರ್ ತರಿಸೋದು ಅಂದ್ರೆ ಲೈಸೆನ್ಸು, ಸುಂಕ ಅಂತ ದೊಡ್ಡ ರಗಳೆ. ವಿಚಿತ್ರ ಏನಂದ್ರೆ, ಅಂಥ ಆಂಪ್ಲಿಫೈಯರಿನ ಜೀವವಾದ ವಾಲ್ವು ನಮ್ಮಲ್ಲೇ ತಯಾರಾಗ್ತಿತ್ತು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವುಗಳನ್ನು ಮಾಡೋಕೆ ಶುರು ಮಾಡಿತು. ಇಸಿಸಿ83, ಇಎಲ್84 ಅನ್ನೋ ಅದರ ವಾಲ್ವುಗಳನ್ನು ಹೊರದೇಶದ ಗಿಟಾರ್ ಪ್ರೇಮಿಗಳು ಈಗಲೂ ಹುಡುಕಿ ಕೊಳ್ತಾರೆ. ಫೆಂಡರ್, ಮಾರ್ಷಲ್ ಆಂಪ್ಲಿಫೈಯರ್‌ಗಳ ಮುಂಭಾಗದಲ್ಲಿ ಕೂರೋದು ಇಸಿಸಿ83 ಜಾತಿಯದ್ದೇ. ವಾಲ್ವು ನಮ್ಮ ಊರಿನದು, ಪೆಟ್ಟಿಗೆ ಮಾತ್ರ ನಮಗಿಲ್ಲ.

ಇದ್ದದ್ದು ಮೈಕ್‌ಸೆಟ್. ದೆಹಲಿಯ ಅಹುಜಾ ಕಂಪನಿ 1940ರಿಂದ ಇರೋದು. ಮದುವೆ, ಜಾತ್ರೆ, ಚುನಾವಣೆ ಎಲ್ಲದಕ್ಕೂ ಅವರ ಆಂಪ್ಲಿಫೈಯರ್, ಹಾರ್ನ್ ಎಷ್ಟು ಹಬ್ಬಿತ್ತು ಅಂದ್ರೆ ಹಳ್ಳಿಗಳಲ್ಲಿ ಆ ಹೆಸರೇ ಮೈಕ್‌ಸೆಟ್ಟಿನ ಹೆಸರಾಗಿತ್ತು. ಇನ್ನು ಸಂಗೀತದ ತಂಡಕ್ಕೆ ಅಂತ ಬೇಕಾದ್ರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಿಡಿಭಾಗ ತಂದು, ಯಾರಾದರೂ ರೇಡಿಯೊ ರಿಪೇರಿಯವರ ಕೈಲಿ ಬೆಸುಗೆ ಹಾಕಿಸಿ, ಬಡಗಿಯ ಹತ್ತಿರ ಪೆಟ್ಟಿಗೆ ಮಾಡಿಸಿಕೊಳ್ಳಬೇಕಿತ್ತು. ಹಾಗೆ ಮಾಡಿಸಿಕೊಂಡ ಕಡೆ ಬೇಸ್ ಉಳಿಯಿತು. ಆಗದ ಕಡೆ ಕೀಬೋರ್ಡಿನ ಎಡಗೈ ಬಂತು, ಆಮೇಲೆ ರಿದಂ ಪ್ಯಾಡ್ ಬಂತು, ಈಗ ಪೆನ್‌ಡ್ರೈವಿನ ಟ್ರ್ಯಾಕ್.

ಇವತ್ತು ಗಣಪತಿ ಬಿಡೋ ದಿನ ನಮ್ಮ ಪೇಟೆಗಳಲ್ಲಿ ನೋಡಿ. ಡಿಜೆ ಲಾರಿಯಲ್ಲಿ 18 ಇಂಚಿನ ಸ್ಪೀಕರುಗಳ ಸಾಲು, ಕಿಟಕಿ ಗಾಜು ಅದುರುತ್ತೆ. ನಮ್ಮ ಕಾಲದಲ್ಲಿ ಬೇಸ್ ಬಾರಿಸುವವನಿದ್ದ, ಪೆಟ್ಟಿಗೆ ಇರಲಿಲ್ಲ. ಈಗ ಪೆಟ್ಟಿಗೆ ಸಾಲುಸಾಲು ಇದೆ, ಬಾರಿಸುವವನಿಗೇ ಜಾಗ ಇಲ್ಲ.

ಹಾಗಾದ್ರೆ ಆಲ್ದೂರಿಗೆ ಯಾವುದು?

ತಮ್ಮಾ, ಈಗ ನಿನ್ನ ಪ್ರಶ್ನೆಗೆ ಬಂದೆ. ಅಂಗಡಿಯಿಂದ ಶುರು ಮಾಡಬೇಡ. ನೀನು ಬಾರಿಸುವ ಜಾಗದಿಂದ ಶುರು ಮಾಡು.

ಮೊದಲು ಚರ್ಚು. ನಾಲ್ಕು ಗೋಡೆ, ಮೇಲೆ ಮಾಡು, ಹಾಡುವವರು ಹತ್ತಿಪ್ಪತ್ತು ಜನ. ಇಲ್ಲಿ ನಿನಗೆ ಕಟ್ಟಡವೇ ಸಹಾಯಕ್ಕಿದೆ. 41 ಹರ್ಟ್ಸ್ ಸ್ವರದ ಒಂದು ಅಲೆ ಎಂಟು ಮೀಟರಿಗಿಂತ ಉದ್ದ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟರೆ, ಹಿಂದಕ್ಕೆ ಹೋಗುವ ಸದ್ದೂ ಮುಂದಕ್ಕೇ ಬಂದು ಸೇರುತ್ತೆ. ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ. ವಾಟಿಗೆ ದುಡ್ಡು ಕೊಡದೇ ಸಿಗುವ ಬೇಸ್ ಇದು. ಹೆಚ್ಚಾಗಿ ಗೊಳಗೊಳ ಅಂದ್ರೆ ಪೆಟ್ಟಿಗೆಯನ್ನು ಮೂಲೆಯಿಂದ ಈಚೆ ಎಳಿ. ಇಂಥ ಜಾಗಕ್ಕೆ 12 ಇಂಚಿನ ಸ್ಪೀಕರಿರುವ, 100 ವಾಟಿನ ಆಸುಪಾಸಿನ ಒಂದು ಕಾಂಬೊ ಸಾಕು. ಕಾಂಬೊ ಅಂದ್ರೆ ಆಂಪ್ಲಿಫೈಯರ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರೋದು.

ಎರಡನೇದು ಬಯಲು. ಗಣಪತಿ ಪೆಂಡಾಲು, ಇಲ್ಲಾ ತೋಟದ ಕಾಫಿ ಕಣ. ಕಣದಲ್ಲಿ ಕೆಳಗೆ ಸಿಮೆಂಟು, ಮೇಲೆ ಆಕಾಶ, ಸುತ್ತ ಗೋಡೆ ಇಲ್ಲ. ಇಲ್ಲಿ ನಿನ್ನ ಕಾಂಬೊ ಮೂರನೇ ಸಾಲು ದಾಟಲ್ಲ. ಅದಕ್ಕಂತ ಇನ್ನೂ ದೊಡ್ಡದು ತರೋಕೆ ಹೋಗಬೇಡ, ಅದು 1969ರ ದಾರಿ. ನೀನು 1960ರ ದಶಕದ ಡೆಟ್ರಾಯಿಟ್ ದಾರಿ ಹಿಡಿ. ಸೌಂಡ್‌ನವರು ಹೇಗೂ ದೊಡ್ಡ ಬೇಸ್ ಬಾಕ್ಸ್ ತಂದಿರ್ತಾರೆ. ನಿನ್ನ ಡಿಐ ಬಾಕ್ಸಿಂದ ಅವರ ಮಿಕ್ಸರಿಗೆ ಒಂದು ಲೈನ್ ಕೊಡು. ಜನರಿಗೆ ಮುಟ್ಟಿಸೋದು ಅವರ ಕೆಲಸ. ನಿನ್ನ ಕಾಂಬೊ ನಿನ್ನ ಹಿಂದೆ ಇರಲಿ, ನಿನಗೂ ಡ್ರಮ್ ಬಾರಿಸುವವನಿಗೂ ಕೇಳೋಕೆ. ಕಾಲಿನ ಹತ್ತಿರ ಅಲ್ಲ, ಒಂದು ಕುರ್ಚಿಯ ಮೇಲೆ ಇಡು. ಕಿವಿ ಇರೋದು ಮೇಲೆ, ಮೊಣಕಾಲಲ್ಲಿ ಅಲ್ಲ.

ಆಮೇಲೆ ಮಧ್ಯದ ನಾಬ್. ಮನೆಯಲ್ಲಿ ಒಬ್ಬನೇ ಬಾರಿಸುವಾಗ ಮಿಡ್ ಕಡಿಮೆ ಮಾಡಿದ್ರೆ ಚೆಂದ ಅನಿಸುತ್ತೆ. ತಂಡದ ಜೊತೆ ಅದನ್ನು ವಾಪಸ್ ಏರಿಸು. ಟ್ರಾನ್ಸಿಸ್ಟರ್ ನೆನಪಿದೆಯಲ್ಲ?

ಇನ್ನು ನಮ್ಮ ಮಲೆನಾಡಿನದ್ದೇ ಮೂರು ಮಾತು, ಅಂಗಡಿಯಲ್ಲಿ ಯಾರೂ ಹೇಳದೇ ಇರೋದು.

ಒಂದು, ಭಾರ. 2000ನೇ ಇಸವಿಯ ಈಚೆಗೆ ಕ್ಲಾಸ್-ಡಿ ಅನ್ನೋ ತಂತ್ರದ ಆಂಪ್ಲಿಫೈಯರ್‌ಗಳು, ನಿಯೊಡಿಮಿಯಂ ಆಯಸ್ಕಾಂತದ ಸ್ಪೀಕರ್‌ಗಳು ಬಂದು ಎಲ್ಲ ಹಗುರವಾಗಿದೆ. ಎಸ್‌ವಿಟಿ 40 ಕಿಲೋದಲ್ಲಿ ಕೊಡ್ತಿದ್ದ 300 ವಾಟನ್ನು ಈಗ ಎರಡು ಮೂರು ಕಿಲೋದ ಡಬ್ಬಿ ಕೊಡುತ್ತೆ. ಬಸ್ಸಲ್ಲಿ ಹೋಗಿ ಬರೋನು ನೀನು. ಒಂದೇ ಕೈಲಿ ಎತ್ತೋಕಾಗುತ್ತಾ ನೋಡಿ ತಗೋ.

ಎರಡು, ವೋಲ್ಟೇಜು. ಟ್ರಾನ್ಸ್‌ಫಾರ್ಮರಿಂದ ದೂರದ ಲೈನಲ್ಲಿ ಹಬ್ಬದ ದಿನ ಕರೆಂಟು ಮಂಕು ಹೊಡೆಯುತ್ತೆ, ಮಧ್ಯದಲ್ಲಿ ಜನರೇಟರ್ ಬೇರೆ. ಆಂಪ್ಲಿಫೈಯರಿನ ಹಿಂಬದಿ ಬರೆದಿರೋದನ್ನು ಓದು. 100ರಿಂದ 240 ವೋಲ್ಟ್ ಅಂತಿದ್ರೆ ಅದು ಇಳಿತ ತಡೆದುಕೊಳ್ಳುತ್ತೆ. 230 ಅಂತಷ್ಟೇ ಇದ್ರೆ ಸ್ಟೆಬಿಲೈಸರ್ ಲೆಕ್ಕ ಸೇರಿಸಿಕೋ. ಯಾರಾದರೂ ಹಳೇ ವಾಲ್ವ್ ಆಂಪ್ಲಿಫೈಯರ್ ಕಮ್ಮಿಗೆ ಕೊಡ್ತೀನಿ ಅಂದ್ರೆ ಒಂದು ತಿಳಿದಿರಲಿ: ಸ್ಪೀಕರ್ ಸಿಕ್ಕಿಸದೇ ಅದನ್ನು ಆನ್ ಮಾಡಿ ಬಾರಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಮೂರನೇದು ಎಲ್ಲಕ್ಕಿಂತ ಮುಖ್ಯ, ಅರ್ತಿಂಗ್. 1972ರ ಮೇ ತಿಂಗಳಲ್ಲಿ ವೇಲ್ಸ್ ದೇಶದ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರಿಸ್ಟ್ ಲೆಸ್ ಹಾರ್ವೆ ವೇದಿಕೆಯ ಮೇಲೆ ಮೈಕ್ ಮುಟ್ಟಿದ ಕೂಡಲೇ ಶಾಕ್ ಹೊಡೆದು ತೀರಿಕೊಂಡರು. ಗಿಟಾರಿನ ತಂತಿ ಆಂಪ್ಲಿಫೈಯರಿನ ಮೈಗೆ ಕೂಡಿರುತ್ತೆ. ಮೈಕ್ ಬೇರೆ ಕಡೆಯ ಕರೆಂಟಿಗೆ ಕೂಡಿರುತ್ತೆ. ಎರಡರಲ್ಲಿ ಒಂದರ ಅರ್ತಿಂಗ್ ತಪ್ಪಿದ್ರೆ ನಡುವೆ ಸೇತುವೆ ಆಗೋದು ನಿನ್ನ ದೇಹ. ನಮ್ಮ ಗಣಪತಿ ಬರೋದು ಮಳೆಗಾಲದಲ್ಲಿ, ವೇದಿಕೆಯ ಹಲಗೆ ಒದ್ದೆ, ಕಾಲಲ್ಲಿ ಚಪ್ಪಲಿ ಇರಲ್ಲ. 'ಗುಂಯ್' ಸದ್ದು ಹೋಗ್ಲಿ ಅಂತ ಪ್ಲಗ್ಗಿನ ಮೂರನೇ ಪಿನ್ನು ಮುರಿಯೋರನ್ನು ನಾನು ಕಣ್ಣಾರೆ ನೋಡಿದ್ದೀನಿ. ಯಾರೇ ಹೇಳಲಿ, ನೀನು ಆ ಕೆಲಸ ಮಾಡಬೇಡ. ಎಲ್ಲದಕ್ಕೂ ಒಂದೇ ಬೋರ್ಡಿಂದ ಕರೆಂಟ್ ತಗೊಳ್ಳಿ. ಟೆಸ್ಟರ್ ಒಂದು ಯಾವಾಗಲೂ ಗಿಟಾರ್ ಬ್ಯಾಗಲ್ಲಿರಲಿ. ಶುರು ಮಾಡೋ ಮೊದಲು ಮೈಕ್ ಮುಟ್ಟಿಸಿ ನೋಡು.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ವಾರಗಟ್ಟಲೆ ಬಿಡಬೇಡ. ಬೂಷ್ಟು ಹಿಡಿಯುತ್ತೆ, ಸ್ಪೀಕರಿನ ಕಾಗದ ಮೆತ್ತಗಾಗುತ್ತೆ. ವಾರಕ್ಕೊಮ್ಮೆ ಅರ್ಧ ಗಂಟೆ ಬಾರಿಸು, ಒಳಗೆ ಬಿಸಿಯಾಗಿ ಒಣಗುತ್ತೆ. ಅಭ್ಯಾಸವೂ ಆಯ್ತು.

ದುಡ್ಡಿನ ಲೆಕ್ಕ: 40 ಸಾವಿರವನ್ನೂ ಒಂದೇ ಪೆಟ್ಟಿಗೆಗೆ ಸುರಿಯಬೇಡ. ಮೊದಲು ಒಂದು ಒಳ್ಳೆಯ ಪ್ಯಾಸಿವ್ ಡಿಐ ಬಾಕ್ಸ್, ಎರಡು ಗಟ್ಟಿ ಕೇಬಲ್. ಆಮೇಲೆ ಹಗುರವಾದ ಕಾಂಬೊ, ಅದಕ್ಕೆ ಹೊರಗಿನ ಸ್ಪೀಕರ್ ಸೇರಿಸೋ ಜಾಗ ಇದ್ರೆ ಒಳ್ಳೇದು. ಹಾಗೆ ಸೇರಿಸುವಾಗ ಓಮ್ ನೋಡಿಕೋ. 8 ಓಮಿನ ಎರಡು ಸ್ಪೀಕರ್ ಜೊತೆಯಾಗಿ ಕೂಡಿಸಿದರೆ 4 ಓಮ್ ಆಗುತ್ತೆ. ಆಂಪ್ಲಿಫೈಯರ್ ಅಷ್ಟಕ್ಕೆ ಒಪ್ಪುತ್ತಾ ಅಂತ ಅದರ ಮೇಲೇ ಬರೆದಿರುತ್ತೆ. ಉಳಿದದ್ದನ್ನು ಹಾಗೇ ಇಟ್ಟುಕೋ, ಆರು ತಿಂಗಳು ಬಾರಿಸಿದ ಮೇಲೆ ಏನು ಕಡಿಮೆ ಅಂತ ನಿನಗೇ ಗೊತ್ತಾಗುತ್ತೆ.

ಇನ್ನೊಂದು. ಶಬ್ದಮಾಲಿನ್ಯದ 2000ದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅಷ್ಟೆ. ಬೇಸಿನ ಉದ್ದ ಅಲೆ ಗೋಡೆ, ಬಾಗಿಲು ಯಾವುದನ್ನೂ ಲೆಕ್ಕಿಸಲ್ಲ. ಹಾಡುವವರ ದನಿ ಕೇಳಿಸದ ಮನೆಗೂ ನಿನ್ನದು ಮುಟ್ಟುತ್ತೆ. ಅಲ್ಲೊಬ್ಬ ಅಜ್ಜಿ ಮಲಗಿರ್ತಾರೆ.

'ಬೇಸ್ ಎಂತಕ್ಕೆ ಮಾರಾಯ?'

ಈಗ ಆ ಮಾತಿಗೆ ಉತ್ತರ. ಯಕ್ಷಗಾನದಲ್ಲಿ ಭಾಗವತರ ಪಕ್ಕ ಒಬ್ಬರು ಶ್ರುತಿ ಹಿಡಿದು ಕೂತಿರ್ತಾರೆ. ಇಡೀ ರಾತ್ರಿ ಅವರನ್ನು ಯಾರೂ ನೋಡಲ್ಲ, ಅವರ ಸದ್ದನ್ನು ಯಾರೂ ಗಮನಿಸಲ್ಲ. ಒಂದು ನಿಮಿಷ ಅದು ನಿಂತಿತು ಅನ್ನಿ, ಭಾಗವತರು ತಿರುಗಿ ನೋಡ್ತಾರೆ, ಕುಣಿಯುವವನ ಕಾಲಿಗೂ ಎಂತದೋ ತಪ್ಪಿದ ಹಾಗಾಗುತ್ತೆ. ತಂಡದವರಿಗೆ ವಾದ ಹೇಳಬೇಡ. ಒಂದು ಹಾಡು ನೀನಿದ್ದು ಬಾರಿಸು, ಮುಂದಿನ ಹಾಡಿಗೆ ಸುಮ್ಮನೆ ನಿಂತುಕೋ. ನಿನ್ನ ದನಿ ನಿಜವಾಗಿ ಅವರಿಗೆ ಮುಟ್ಟಿದ್ರೆ ಮೂರನೇ ಹಾಡಿಗೆ ಅವರೇ ತಿರುಗಿ ನೋಡ್ತಾರೆ.

ನನಗೆ ಆಗ ಹೀಗೆ ಮಾಡಿ ತೋರಿಸೋ ಅವಕಾಶವೇ ಇರಲಿಲ್ಲ. ನಾನು ಬಾರಿಸಿದ್ರೂ, ಬಿಟ್ರೂ ಆ ಹಾರ್ನ್‌ಗೆ ಎರಡೂ ಒಂದೇ ಆಗಿತ್ತು.

ಹುಡುಗನಿಗೆ ಇಷ್ಟನ್ನೂ ಚುಟುಕಾಗಿ ಮೆಸೇಜ್ ಮಾಡಿದ್ದೆ. ನಿನ್ನೆ ಉತ್ತರ ಬಂತು. ಡಿಐ ಬಾಕ್ಸ್ ತಗೊಂಡನಂತೆ, ಕಾಂಬೊ ಇನ್ನೂ ನೋಡ್ತಿದ್ದಾನೆ, ಟೆಸ್ಟರ್ ಅವರಪ್ಪನದ್ದೇ ಇದೆಯಂತೆ. ಕೊನೆಗೆ ಕೇಳಿದ್ದಾನೆ: "ಅಣ್ಣ, ಗಣಪತಿಗೆ ಬರ್ತೀರಾ? ಎರಡು ಹಾಡು ನೀವೂ ಬಾರಿಸಿ." ಬೆರಳು ಮರೆತಿರುತ್ತೆ ಮಾರಾಯ ಅಂದೆ. ಆದ್ರೂ ಮೊನ್ನೆಯಿಂದ ಊಟದ ಮೇಜಿನ ಅಂಚಲ್ಲಿ ಬೆರಳು ಓಡಿಸ್ತಾ ಇದ್ದೀನಿ.

ನಿಮ್ಮೂರಿನ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸ್ತಿದ್ದವರು ಯಾರಾದ್ರೂ ನೆನಪಿದ್ದಾರಾ? ಇದ್ರೆ ಅವರಿಗೆ ಈ ಸಂಚಿಕೆ ಕಳಿಸಿ.